ಗಾಢ ಡಿಸೈನ್ ಕಾರ್ಪೆಟ್ ತಗೊಂಡ್ವಿ: ಹಾಲ್‌ನಲ್ಲಿ ಅದರದ್ದೇ ದರ್ಬಾರು ನಡೀಬೇಕಾ?

ಮೊದ್ಲೇ ಹೇಳ್ಬಿಡ್ತೀನಿ, ಕಾರ್ಪೆಟ್‌ಗೆ ಐದಕ್ಕೆ ನಾಲ್ಕು, ಅಂಗಡಿಗೆ ಐದಕ್ಕೆ ಮೂರು, ಆ ಮೂರೂ ಅಲ್ಲಿ ಒಂದೊಂದೇ ರೋಲ್ ಹೊತ್ಕೊಂಡ್ ಬಂದು ಬಿಡಿಸಿ ತೋರಿಸಿದ ಹುಡುಗನ ತಾಳ್ಮೆಗೆ. ಅಂಗಡಿ ಹೆಸರು ಹಾಕಲ್ಲ, ಹಾಸನದ ಬಿ.ಎಂ. ರೋಡ್ ಕಡೆ ಇರೋ ಫರ್ನಿಶಿಂಗ್ ಅಂಗಡಿಗಳಲ್ಲಿ ಒಂದು ಅಂದ್ಕೊಳ್ಳಿ. ನಾವಿರೋದು ಚಿಕ್ಕಮಗಳೂರಲ್ಲಿ. ಇಲ್ಲಿ ಐ.ಜಿ. ರೋಡು ಎಂ.ಜಿ. ರೋಡಲ್ಲಿ ಕಾರ್ಪೆಟ್ ಸಿಗಲ್ಲ ಅಂತಲ್ಲ, ಆದ್ರೆ ನಾನು ನೋಡಿದ್ದೆಲ್ಲ ಬೂದಿ ಬಣ್ಣ, ಮರಳು ಬಣ್ಣ, ಓಟ್ಸ್ ಗಂಜಿ ಬಣ್ಣ, ಹಾಸಿದ್ರೂ ಒಂದೇ ಹಾಸದೇ ಇದ್ರೂ ಒಂದೇ ಅನ್ನೋ ಥರದ್ದು. ನನಗೆ ಬೇಕಿದ್ದಿದ್ದು ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಹೊಡೆಯೋ ಅಂಥದ್ದು, ಹಾಗಾಗಿ ಬೇಲೂರು ಮೇಲೆ ಹಾಸನಕ್ಕೆ ಹೋಗಿದ್ದಾಯ್ತು.

ಈಗ ನಮ್ಮನೆಗೆ ಬಂದವ್ರೆಲ್ಲ ಚಪ್ಪಲಿ ಬಿಡೋಕ್ ಮುಂಚೆನೇ ಕೇಳೋದು ಒಂದೇ ಪ್ರಶ್ನೆ, ಇಷ್ಟು ಗಾಢದ್ದು ಹಾಕಿದ್ರೆ ಹಾಲ್ ಪೂರ್ತಿ ಅದೇ ತಿಂದ್ಬಿಡಲ್ವಾ ಅಂತ. ತಿನ್ನುತ್ತೆ. ತಿನ್ಲಿ ಅಂತಾನೇ ತಂದಿದ್ದು. ಇಂಥ ಕಾರ್ಪೆಟ್ ತಂದು ಅದು ಎದ್ದು ಕಾಣ್ಬಾರ್ದು ಅಂದ್ರೆ ಹೇಗೆ? ಆದ್ರೆ ಅದಕ್ಕೆ ದರ್ಬಾರು ಕೊಡೋದ್ ಹೇಗೆ ಅನ್ನೋದ್ರಲ್ಲಿ ಇದೆ ವಿಷ್ಯ. ಅಂಗಡಿಯವ್ರು ಹೇಳೋದು, ಇನ್‌ಸ್ಟಾ ರೀಲ್ಸ್‌ನವ್ರು ಹೇಳೋದು ಎಲ್ಲ ಒಂದೇ, ಕಾರ್ಪೆಟ್‌ಗೆ ಮ್ಯಾಚ್ ಆಗೋ ಕರ್ಟನ್ ತಗೊಳ್ಳಿ, ಮ್ಯಾಚ್ ಆಗೋ ಕುಶನ್ ತಗೊಳ್ಳಿ, ಒಂದು ಗೋಡೆಗೆ ಅದೇ ಬಣ್ಣ ಹೊಡೆಸಿ. ನಾನು ಮಾಡಿದ್ದು ಉಲ್ಟಾ. ಕಾರ್ಪೆಟ್‌ಗೋಸ್ಕರ ಒಂದು ರೂಪಾಯಿ ಸಾಮಾನೂ ಕೊಳ್ಳಲಿಲ್ಲ, ಇರೋದನ್ನ ತೆಗೆದೆ ಅಷ್ಟೆ. ಯಾಕೆ ಅಂತ ಮಳೆಗಾಲದ ವಿಷ್ಯ ಬಂದಾಗ ಹೇಳ್ತೀನಿ.

ಮೊದ್ಲು ವಸ್ತು. ಆರಡಿಗೆ ಒಂಬತ್ತಡಿ, ವುಲ್, ಹ್ಯಾಂಡ್ ಟಫ್ಟೆಡ್. ಹಿನ್ನೆಲೆ ಕಡುನೀಲಿ, ಅದರ ಮೇಲೆ ಇಟ್ಟಿಗೆ ಕೆಂಪು ಮತ್ತೆ ಸಾಸಿವೆ ಹಳದಿಯ ದೊಡ್ಡ ದೊಡ್ಡ ವಜ್ರಾಕಾರಗಳು, ಒಂದೊಂದು ಹೆಚ್ಚುಕಮ್ಮಿ ಎರಡಡಿ ಅಗಲ, ಅಂಚಲ್ಲಿ ಸಣ್ಣ ಮೆಟ್ಟಿಲು ಮೆಟ್ಟಿಲಾಗಿ ಕೆನೆ ಬಣ್ಣದ ಗೆರೆ. ಸಣ್ಣ ಸಣ್ಣ ಹೂವು ಬಳ್ಳಿ ತುಂಬಿರೋ ಡಿಸೈನ್ ನಾನು ಬೇಕಂತಲೇ ಬಿಟ್ಟೆ, ಅದು ದೂರದಿಂದ ನೋಡಿದ್ರೆ ಕಲಸಿಹೋಗಿ ಬರೀ ಕೆಂಪು ಕಾಣುತ್ತೆ, ಹತ್ರ ಬಂದು ನೋಡಿದ್ರೆ ಕಣ್ಣಿಗೆ ಸುಸ್ತು. ದೊಡ್ಡ ಡಿಸೈನು, ಮುಖ್ಯವಾಗಿ ಮೂರೇ ಬಣ್ಣ, ಮಧ್ಯೆ ಖಾಲಿ ಜಾಗ, ಹಾಗಿದ್ರೆ ಗಾಢ ಆಗಿದ್ರೂ ಗದ್ದಲ ಅನ್ಸಲ್ಲ. ಇಪ್ಪತ್ನಾಲ್ಕು ಸಾವಿರ ಹೇಳಿದ್ರು, ಹತ್ತೊಂಬತ್ತೂವರೆಗೆ ಬಂತು, ಡೆಲಿವರಿ ಸೇರಿ. ಚೌಕಾಸಿ ಮಾಡಿ, ಅಲ್ಲಿ ಮಾಡದೇ ಇರೋರನ್ನ ನೋಡಿದ್ರೆ ಅವ್ರಿಗೇ ಬೇಜಾರಾಗೋ ಥರ ಕಾಣುತ್ತೆ.

ಹ್ಯಾಂಡ್ ಟಫ್ಟೆಡ್ ಅನ್ನೋದನ್ನ ಹ್ಯಾಂಡ್‌ಮೇಡ್ ಅಂತ ಒಂದೇ ಉಸಿರಲ್ಲಿ ಹೇಳಿ ಹ್ಯಾಂಡ್ ನಾಟೆಡ್ ರೇಟ್ ಹೇಳೋರು ಇದಾರೆ, ಅಲ್ಲಿ ಹುಷಾರು. ನಾಟೆಡ್ ಅಂದ್ರೆ ಮಗ್ಗದ ಮೇಲೆ ಒಂದೊಂದೇ ಗಂಟು ಹಾಕಿ ನೇಯ್ದಿದ್ದು, ಹೆಸರುವಾಸಿ ಕಾಶ್ಮೀರಿ ಕಾರ್ಪೆಟ್ ಹಾಗೆ, ತಿಂಗಳುಗಟ್ಟಲೆ ಕೆಲಸ. ಟಫ್ಟೆಡ್ ಅಂದ್ರೆ ಬಿಗಿಯಾಗಿ ಕಟ್ಟಿದ ಬಟ್ಟೆಗೆ ಗನ್ ಹಿಡ್ಕೊಂಡು ನೂಲು ಚುಚ್ತಾ ಹೋಗೋದು, ಆಮೇಲೆ ಹಿಂದ್ಗಡೆ ಲ್ಯಾಟೆಕ್ಸ್ ಅಂಟು ಬಳಿದು ಮೇಲೊಂದು ಬಟ್ಟೆ ಅಂಟಿಸೋದು. ಗೊತ್ತಾಗೋದು ಸುಲಭ, ಮೂಲೆ ಮಗುಚಿ ನೋಡಿ. ಹಿಂದೆನೂ ಡಿಸೈನ್ ಸ್ಪಷ್ಟವಾಗಿ, ಗಂಟು ಗಂಟಾಗಿ ಕಂಡ್ರೆ ನಾಟೆಡ್. ಬಿಳಿ ಕಾಟನ್ ಬಟ್ಟೆ ಮುಚ್ಚಿದ್ರೆ ಟಫ್ಟೆಡ್. ತುದಿಯ ಕುಚ್ಚು ನೇಯ್ಗೆಯ ದಾರದಿಂದಲೇ ಬಂದಿದ್ರೆ ನಾಟೆಡ್, ಆಮೇಲೆ ಹೊಲಿದು ಸೇರಿಸಿದ್ರೆ ಅಲ್ಲ. ನಮ್ಮದ್ರಲ್ಲಿ ಬಿಳಿ ಬಟ್ಟೆ ಇತ್ತು, ಅವ್ರೂ ಟಫ್ಟೆಡ್ ಅಂತಲೇ ಹೇಳಿದ್ರು, ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ವುಲ್ ಹೌದಾ ಅಂತ ಕೇಳಿದ್ದಕ್ಕೆ ಆ ಹುಡುಗ ಒಂದೆಳೆ ನೂಲು ಕಿತ್ತು ಕಡ್ಡಿ ಗೀರಿ ಹಚ್ಚಿದ. ಕೂದಲು ಸುಟ್ಟ ವಾಸನೆ ಬಂತು, ಬೆರಳಲ್ಲಿ ಉಜ್ಜಿದ್ರೆ ಕರಿ ಪುಡಿಯಾಯ್ತು. ಪಕ್ಕದ್ದು ಪಾಲಿಯೆಸ್ಟರ್ ಎಳೆ, ಅದು ಕರಗಿ ಗಟ್ಟಿ ಮಣಿಯಾಗಿ ನಿಂತ್ಕೊಳ್ತು. "ನೋಡಿ ಮೇಡಂ, ನಾವು ಸುಳ್ಳು ಹೇಳಲ್ಲ" ಅಂದ. ನಮ್ಮನೆಯವರು ಅಂಗಡಿ ಮಧ್ಯೆ ಬೆಂಕಿ ಹಚ್ತಾನಲ್ಲಪ್ಪ ಇವ್ನು ಅಂತ ಬಾಗಿಲ ಕಡೆ ನೋಡ್ತಾ ನಿಂತಿದ್ರು. ಒಟ್ನಲ್ಲಿ ವುಲ್ಲೇ. "ಆರ್ಟ್ ಸಿಲ್ಕ್", "ಬ್ಯಾಂಬೂ ಸಿಲ್ಕ್" ಅಂತ ಮಿರಮಿರ ಮಿಂಚೋದನ್ನೂ ತೋರಿಸಿದ, ಅದು ಸಾಮಾನ್ಯವಾಗಿ ವಿಸ್ಕೋಸು, ನೀರು ಬಿದ್ರೆ ಹಳದಿ ಕಲೆ ನಿಲ್ಲುತ್ತೆ, ಮಲೆನಾಡಿನ ಮನೆಗೆ ಅದು ದುಡ್ಡಿನ ದಂಡ.

ಮಾಲು ಭದೋಹಿದು ಅಂದ್ರು. ಉತ್ತರ ಪ್ರದೇಶದ ಭದೋಹಿ ಕಾರ್ಪೆಟ್‌ಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ದೇಶದ ಕಾರ್ಪೆಟ್ ರಫ್ತಿಗೆ ಅದೇ ದೊಡ್ಡ ಊರು, ಹಾಗಾಗಿ ಎಲ್ಲ ಕಾರ್ಪೆಟ್‌ಗೂ ಭದೋಹಿ ಅಂತ ಹೇಳೋದೂ ಸುಲಭ. ಮಕ್ಕಳನ್ನ ದುಡಿಸದೆ ಮಾಡಿದ್ದು ಅಂತ ಹೇಳೋ ಗುಡ್‌ವೀವ್ ಲೇಬಲ್ ಇದ್ಯಾ ಅಂತ ಕೇಳ್ದೆ, ಅಂಗಡಿಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಈ ಉದ್ಯಮದಲ್ಲಿ ಮಕ್ಕಳನ್ನ ದುಡಿಸ್ತಿದ್ದಿದ್ದು ಗೊತ್ತಿರೋ ವಿಷ್ಯನೇ, ಅದಕ್ಕೆ ಅಂತ್ಲೇ 1994ರಲ್ಲಿ ರಗ್‌ಮಾರ್ಕ್ ಅಂತ ಶುರುವಾಗಿದ್ದು ಈಗ ಗುಡ್‌ವೀವ್, ಅದನ್ನ ಶುರು ಮಾಡಿದ ಕೈಲಾಶ್ ಸತ್ಯಾರ್ಥಿಯವ್ರಿಗೆ 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿನೂ ಬಂತು. ಇಪ್ಪತ್ತು ಸಾವಿರದ ಮಾಲು ಮಾರೋ ಅಂಗಡಿಯವ್ರು ಇದನ್ನ ಕೇಳೇ ಇಲ್ಲ ಅಂದ್ರೆ ಒಂದು ಪಾಯಿಂಟ್ ಕಟ್. ಕೇಳ್ತಾ ಇರಿ, ಹತ್ತು ಜನ ಕೇಳಿದ್ರೆ ತರಿಸ್ತಾರೆ.

ಇನ್ನು ಬಣ್ಣ. ಇದು ಗಾಢ ಕಾರ್ಪೆಟ್ ತಗೊಳ್ಳೋರು ಓದಲೇಬೇಕಾದ ಭಾಗ. ಅಂಗಡೀಲಿ ಮೇಲಿಂದ ಹಳದಿ ಫೋಕಸ್ ಲೈಟು, ಅದರ ಕೆಳಗೆ ಸಾಸಿವೆ ಬಣ್ಣ ಬಂಗಾರದ ಥರ ಹೊಳೀತಿತ್ತು. ನಾನು ಮೂಲೆ ಹಿಡ್ಕೊಂಡು ಬಾಗಿಲ ಹತ್ರ ಬಿಸಿಲಿಗೆ ಎಳ್ಕೊಂಡು ಹೋಗಿ ನೋಡ್ದೆ, ಸ್ವಲ್ಪ ಮಾಸಲು ಕಂಡ್ರೂ ಚೆನ್ನಾಗೇ ಇತ್ತು. ಮನೇಲಿ ರಾತ್ರಿ ಟ್ಯೂಬ್‌ಲೈಟ್ ಹಾಕಿದ್ವಿ ನೋಡಿ, ಅದೇ ಸಾಸಿವೆ ಮೆಹಂದಿ ಸೊಪ್ಪಿನ ಹಸಿರಾಗಿ ಕೂತಿತ್ತು, ಕೆಂಪು ಪೂರ್ತಿ ಕಂದು. ಕಾರ್ಪೆಟ್ ಬದಲಾಗಿಲ್ಲ, ಬಲ್ಬು ಬೇರೆ ಅಷ್ಟೆ. ಬಲ್ಬಿನ ಡಬ್ಬಿ ಮೇಲೆ 6500ಕೆ ಅಂತ ಬರ್ದಿರುತ್ತಲ್ಲ ಅದು ನೀಲಿ ಬೆರೆತ ಬಿಳಿ, ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಇರೋದೇ ಅದು. 2700ರಿಂದ 3000ಕೆ ಇರೋದು ಹಳದಿ ಮಿಶ್ರ. ಹಾಲ್‌ನ ಎರಡು ಬಲ್ಬು 3000ಕೆಗೆ ಬದಲಾಯಿಸಿದ ಮೇಲೆ ಬಣ್ಣ ವಾಪಸ್ ಬಂತು. ಕಾರ್ಪೆಟ್‌ಗೋಸ್ಕರ ಏನೂ ಕೊಳ್ಳಲಿಲ್ಲ ಅಂದ್ನಲ್ಲ, ಈ ಬಲ್ಬು ಬಿಟ್ಟು. ಅತ್ತೆಗೆ ಮಾತ್ರ ಇನ್ನೂ ಸಮಾಧಾನ ಇಲ್ಲ, "ದೀಪ ಮಂಕಾಯ್ತಲ್ಲೇ, ಪೇಪರ್ ಓದಕ್ಕೆ ಆಗಲ್ಲ" ಅಂತಾರೆ, ಅದೂ ನಿಜ, ಅವ್ರ ಕುರ್ಚಿ ಪಕ್ಕ ಹಳೇ ಟೇಬಲ್ ಲ್ಯಾಂಪ್ ಹಚ್ಚಿಟ್ಟಿದೀನಿ.

ಹಾಲ್ ಹನ್ನೆರಡಕ್ಕೆ ಹದಿನಾರು, ಕೆನೆ ಬಣ್ಣದ ವಿಟ್ರಿಫೈಡ್ ಟೈಲ್ಸು. ಈ ಟೈಲ್ಸ್ ಮೇಲೆ ಗಾಢ ಕಾರ್ಪೆಟ್ ಭಾರಿ ಚೆನ್ನಾಗಿ ಕೂರುತ್ತೆ, ಯಾಕಂದ್ರೆ ಆ ಟೈಲ್ಸ್‌ಗೆ ಅದರದ್ದೇ ಅಂತ ಮುಖ ಇಲ್ಲ, ಬರೀ ಹೊಳಪು. ಸೋಫಾದ ಮುಂದಿನ ಕಾಲು ಕಾರ್ಪೆಟ್ ಮೇಲೆ, ಹಿಂದಿನ ಕಾಲು ಟೈಲ್ಸ್ ಮೇಲೆ, ಇನ್ನೊಂದು ಬದಿಗೆ ಬೀಟೆ ಮರದ ಎರಡು ಕುರ್ಚಿಗಳ ಮುಂಗಾಲೂ ಹಾಗೇ. ಸುತ್ತ ಕಮ್ಮಿ ಅಂದ್ರೂ ಒಂದೂವರೆ ಎರಡಡಿ ಟೈಲ್ಸ್ ಕಾಣ್ತಿರ್ಬೇಕು, ಗೋಡೆಯಿಂದ ಗೋಡೆಗೆ ಮುಚ್ಚಿದ್ರೆ ಕಲ್ಯಾಣ ಮಂಟಪದ ರಿಸೆಪ್ಷನ್ ಸ್ಟೇಜು. ಬಜೆಟ್ ಇಲ್ಲ ಅಂತ ನಾಲ್ಕಕ್ಕೆ ಆರರದ್ದು ತಂದು ಟೀಪಾಯ್ ಕೆಳಗೆ ಮಾತ್ರ ಹಾಕೋರಿದಾರೆ, ಗಾಢ ಕಾರ್ಪೆಟ್‌ನಲ್ಲಿ ಅದು ಇನ್ನೂ ಕೆಡುಕು. ಸಣ್ಣ ತುಂಡು, ಜೋರು ಬಣ್ಣ, ನೆಲದ ಮಧ್ಯೆ ಯಾರೋ ಏನೋ ಬೀಳಿಸಿ ಹೋದಂಗೆ. ದೊಡ್ಡದಕ್ಕೆ ದುಡ್ಡಿಲ್ಲ ಅಂದ್ರೆ ಗಾಢದ್ದೇ ಬೇಡ.

ಹೊಡೆದಾಟ ಶುರುವಾಗಿದ್ದು ಹಾಸಿದ ಮೇಲೆ. ನಮ್ಮ ಹಾಲ್‌ನಲ್ಲಿ ಮೊದ್ಲಿಂದ ಇದ್ದಿದ್ದು ಕಿತ್ತಳೆ ಬಣ್ಣದ ಹೂವಿನ ಕರ್ಟನ್, ಸೋಫಾ ಮೇಲೆ ನಾದಿನಿ ಹಾಕಿಕೊಟ್ಟ ಕ್ರೋಶಾ ಕವರು, ಶೋಕೇಸ್ ತುಂಬ ಚನ್ನಪಟ್ಟಣದ ಗೊಂಬೆ, ಶೀಲ್ಡು, ಯಾರ್ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಗಣಪತಿಗಳು, ಟಿವಿ ಹಿಂದೆ ಕಂದು ಬಿಳಿ ಪಟ್ಟೆಯ ವಾಲ್‌ಪೇಪರ್. ಒಂದೊಂದೂ ಅದರಷ್ಟಕ್ಕೆ ಚೆನ್ನಾಗೇ ಇದೆ. ಆದ್ರೆ ಕಾರ್ಪೆಟ್ ಬಿಡಿಸಿದ ಕೂಡ್ಲೆ ಎಲ್ಲವೂ ಒಟ್ಟಿಗೇ ಮಾತಾಡಕ್ಕೆ ಶುರು ಮಾಡಿದ್ವು, ಕೂತು ಕಾಫಿ ಕುಡಿಯೋಕೂ ತಲೆನೋವು. ಕರ್ಟನ್ ಇಳಿಸಿ ಬೀರುವಲ್ಲಿದ್ದ ಹಳೇ ಬಿಳಿ ಪಂಚೆ ಬಟ್ಟೆ ಥರದ್ದು ಏರಿಸಿದೆ. ಕ್ರೋಶಾ ಕವರು ಒಳಗಿನ ರೂಮಿನ ದಿವಾನ್‌ಗೆ ಹೋಯ್ತು, ನಾದಿನಿ ಬರೋ ದಿನ ಮಾತ್ರ ಆಚೆ ಬರುತ್ತೆ. ಶೋಕೇಸಲ್ಲಿ ಅರ್ಧ ಖಾಲಿ. ಗೋಡೆ ಮೇಲೆ ಮಾವನವ್ರ ಫೋಟೋ ಒಂದೇ, ಅದು ಕಪ್ಪು ಬಿಳುಪು, ಯಾರ ತಂಟೆಗೂ ಹೋಗಲ್ಲ. ಟಿವಿ ಹಿಂದಿನ ವಾಲ್‌ಪೇಪರ್ ಮಾತ್ರ ಹಾಗೇ ಇದೆ, ಅದು ನಮ್ಮನೆಯವರ ಆಯ್ಕೆ, ಅದಕ್ಕೆ ಕೈ ಹಾಕಿದ್ರೆ ಬೇರೆ ಕಥೆ. ಅದಿರೋದ್ರಿಂದಲೇ ಆ ಮೂಲೆ ಇವತ್ತಿಗೂ ಸರಿ ಕೂತಿಲ್ಲ, ಬಂದವ್ರು ಯಾರೂ ಹೇಳಲ್ಲ, ನನಗೆ ಕಾಣುತ್ತೆ.

ಕೆಂಪು ರೆಡ್ ಆಕ್ಸೈಡ್ ನೆಲ ಇರೋ ಮನೆಯವ್ರು ದಯವಿಟ್ಟು ಇಂಥದ್ದು ತಗೋಬೇಡಿ. ಮೂಡಿಗೆರೆ ಕಡೆ ನಮ್ಮ ಅತ್ತಿಗೆ ಮನೇಲಿ ಹಳೇ ತೋಟದ ಮನೆ, ಉಜ್ಜಿ ಉಜ್ಜಿ ಕನ್ನಡಿ ಆಗಿರೋ ಕೆಂಪು ನೆಲ, ನಾನೇ ನಮ್ಮ ಕಾರ್ಪೆಟ್ ಫೋಟೋ ತೋರಿಸಿದ್ದಕ್ಕೆ ಅವ್ರಿಗೂ ಆಸೆ ಆಯ್ತು. ನಾನು ಬೇಡ ಅಂದೆ. ಆ ಮನೇಲಿ ನೆಲನೇ ದೊರೆ, ಅದರ ಮೇಲೆ ಇನ್ನೊಂದು ಕೆಂಪು ಹಾಕಿದ್ರೆ ಎರಡೂ ಹಾಳು. ಅಲ್ಲಿಗೆ ಕರಿ ಕಂಬಳಿ ಮಡಚಿ ಹಾಕಿದ್ರೂ ಸಾಕು, ಇಲ್ಲ ಬರೀ ಕೆನೆ ಬಣ್ಣದ್ದು ಏನಾದ್ರೂ. ಈಗ ಹೋಂಸ್ಟೇ ಮಾಡೋರೆಲ್ಲ ಇಂಥ ಚಂದದ ನೆಲದ ಮೇಲೆ ಮೊರಾಕ್ಕೋ ಡಿಸೈನು, ಪರ್ಷಿಯಾ ಡಿಸೈನು ಅಂತ ಮೆಷಿನ್ ಮೇಡ್ ಪಾಲಿಪ್ರೊಪಿಲೀನ್ ಹಾಸಿ ಮುಚ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ ಮಾರಾಯ್ರೆ.

ಈಗ ಮಳೆಗಾಲದ ವಿಷ್ಯ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ಚಳಿಗಾಲದಲ್ಲಿ ಇದೇ ವರ, ಡಿಸೆಂಬರ್ ಬೆಳಗ್ಗೆ ಟೈಲ್ಸ್ ಮೇಲೆ ಕಾಲಿಡೋಕಾಗಲ್ಲ, ಇದರ ಮೇಲೆ ಬರಿಗಾಲಲ್ಲಿ ಓಡಾಡ್ಬಹುದು. ಆದ್ರೆ ಪುನರ್ವಸು, ಪುಷ್ಯ ಹಿಡ್ಕೊಂಡು ವಾರಗಟ್ಲೆ ಬಿಸಿಲೇ ಕಾಣದಿದ್ದಾಗ ಇದು ಸದ್ದಿಲ್ಲದೆ ಕುಡಿದು ಕುಡಿದು ಭಾರ ಆಗುತ್ತೆ, ಒಂಥರಾ ಒದ್ದೆ ಕುರಿ ವಾಸನೆ ಶುರುವಾಗುತ್ತೆ, ಕೆಳಗಡೆ ಬೂಷ್ಟು ಹಿಡಿಯೋ ಭಯ. ಟಫ್ಟೆಡ್‌ಗೆ ಇನ್ನೊಂದು ತೊಂದ್ರೆ, ತೇವ ಮತ್ತೆ ವಯಸ್ಸು ಸೇರಿದ್ರೆ ಹಿಂದಿನ ಲ್ಯಾಟೆಕ್ಸ್ ಒಣಗಿ ಪುಡಿಯಾಗಿ ಉದುರುತ್ತೆ. ಹಾಗಾಗಿ ಮುಂಗಾರು ಜೋರಾಗೋ ಮುಂಚೆ ಒಳ್ಳೇ ಬಿಸಿಲಿರೋ ದಿನ ಎರಡೂ ಮಗ್ಗುಲು ಒಣಗಿಸಿ, ಸುತ್ತಿ, ಹಳೇ ಕಾಟನ್ ಬೆಡ್‌ಶೀಟಲ್ಲಿ ಕಟ್ಟಿ ಮಂಚದ ಮೇಲೆ ಇಡ್ತೀವಿ, ಜೊತೆಗೆ ನುಸಿಗುಳಿಗೆ. ಪ್ಲಾಸ್ಟಿಕ್‌ನಲ್ಲಿ ಕಟ್ಟಬಾರದು, ಒಳಗೇ ಬೆವರುತ್ತೆ. ಮಡಚಲೂಬಾರದು, ಅಂಟು ಬಿರುಕು ಬಿಡುತ್ತೆ. ಅಂಗಡಿಯವ್ರು ಕೊಟ್ಟಿದ್ದು ಪ್ಲಾಸ್ಟಿಕ್ ಸುತ್ತಿ, "ಹಾಗೇ ಇಡಿ ಮೇಡಂ ಏನೂ ಆಗಲ್ಲ" ಅಂತ. ಹಾಸನದ ಹವೆಗೆ ಆಗಲ್ವೇನೋ, ನಮ್ಮ ಕಡೆ ಆಗುತ್ತೆ.

ಅಂದ್ರೆ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಈ ದೊರೆ ಮಂಚದ ಮೇಲೆ ಮಲಗಿರ್ತಾರೆ. ಅದು ಬಿಟ್ಟು ಹಬ್ಬ, ವೈದಿಕ, ಇನ್ನೇನೋ, ಜನ ಬಂದ್ರೆ ಹಾಲ್‌ನಲ್ಲೇ ಎಲೆ ಹಾಕೋದು, ಕಾರ್ಪೆಟ್ ಇದ್ರೂ ಸುತ್ಲೇಬೇಕು. ನಮ್ಮ ಮನೆಗಳಲ್ಲಿ ನೆಲ ಅನ್ನೋದು ನೋಡೋಕ್ ಮಾತ್ರ ಇರೋದಲ್ಲ, ಕೂರೋಕೆ, ಉಣ್ಣೋಕೆ, ಹಪ್ಪಳ ಲಟ್ಟಿಸೋಕೆ ಎಲ್ಲದಕ್ಕೂ ಅದೇ. ಅದಕ್ಕೇ ನಾನು ಹೇಳಿದ್ದು ಗೋಡೆಗೆ ಕಡುನೀಲಿ ಹೊಡೆಸಿ ಸೋಫಾಗೆ ಸಾಸಿವೆ ಬಟ್ಟೆ ಹಾಕ್ಸೋದು ದಡ್ಡತನ ಅಂತ. ಕಾರ್ಪೆಟ್ ಎದ್ದು ಹೋದ ದಿನ ಆ ಗೋಡೆ, ಆ ಸೋಫಾ ಏನ್ ಮಾಡ್ಬೇಕು? ಸಾಮಾನು ತೆಗೆದ್ರೆ ಆ ಸಮಸ್ಯೆ ಇಲ್ಲ, ಕಾರ್ಪೆಟ್ ಇಲ್ದಾಗ ಹಾಲ್ ಖಾಲಿಖಾಲಿ ಅನ್ಸುತ್ತೆ, ಆಗ ಮತ್ತೆ ಕಿತ್ತಳೆ ಕರ್ಟನ್ ಏರುತ್ತೆ, ಗೊಂಬೆಗಳು ವಾಪಸ್ ಬರ್ತವೆ. ಮೊನ್ನೆ ಮಳೇಲಿ ಅತ್ತೆ ಹೇಳಿದ್ರು, "ಈಗ ಮನೆ ಮನೆ ಥರ ಇದೆ ನೋಡು." ನಾನು ಸುಮ್ಮನಿದ್ದೆ, ಅಕ್ಟೋಬರ್ ಬರ್ಲಿ ಅಂತ.

ಕಲೆ ವಿಷ್ಯ. ಕಾಫಿ ಚೆಲ್ಲಿದೆ, ಚಿಕ್ಕಮಗಳೂರಲ್ಲಿದ್ಕೊಂಡು ಚೆಲ್ಲದೇ ಇರುತ್ತಾ. ಉಜ್ಜಬೇಡಿ, ಒಣ ಬಟ್ಟೆ ಒತ್ತಿ ಒತ್ತಿ ಹೀರಿಸಿ, ಆಮೇಲೆ ತಣ್ಣೀರಿಗೆ ಸ್ವಲ್ಪ ವಿನೆಗರ್, ಎರಡು ಹನಿ ಶಾಂಪೂ ಹಾಕಿ ಅದ್ದಿ ಒತ್ತೋದು. ಬಿಸಿನೀರು, ಸೋಡಾಪುಡಿ ಉಣ್ಣೆಗೆ ಆಗಲ್ಲ. ನಮ್ಮದು ಕಡುನೀಲಿ ಮೇಲೆ ಬಿದ್ದಿದ್ರಿಂದ ಈಗ ಹುಡುಕಿದ್ರೂ ಸಿಗಲ್ಲ, ಗಾಢ ಬಣ್ಣಕ್ಕೆ ಈ ಲಾಭ ಇದೆ, ಬೂದಿ ಬಣ್ಣದ್ದಾಗಿದ್ರೆ ಮನೆ ತುಂಬ ಗಲಾಟೆ. ಅರಿಶಿನದ್ದು ಕೆನೆ ಗೆರೆ ಮೇಲೆ ಬಿತ್ತು, ಅದು ಏನ್ ಮಾಡಿದ್ರೂ ಹೋಗ್ಲಿಲ್ಲ, ಆದ್ರೆ ಅರಿಶಿನ ಬಿಸಿಲಿಗೆ ಮಾಸುತ್ತೆ ಅಂತ ಸೀರೆ ಒಗೆಯೋ ಎಲ್ಲರಿಗೂ ಗೊತ್ತು, ಆ ಮೂಲೆನ ಕಿಟಕಿ ಬಿಸಿಲಿಗೆ ತಿರುಗಿಸಿಟ್ಟೆ, ಹೋಯ್ತು. ಹಾಗಂತ ದಿನಾ ಒಂದೇ ಕಡೆ ಬಿಸಿಲು ಬಿದ್ರೆ ಕಾರ್ಪೆಟ್ ಬಣ್ಣಾನೂ ಹೋಗುತ್ತೆ, ಆಗಾಗ ಆ ಬದಿ ಈ ಬದಿ ತಿರುಗಿಸ್ತಿರ್ಬೇಕು.

ನೂಲು ಉದುರೋದು ಭಯಂಕರ, ಇದನ್ನ ಅಂಗಡೀಲಿ ಯಾರೂ ಹೇಳ್ಲಿಲ್ಲ. ಶುರುವಲ್ಲಿ ಗುಡಿಸಿದ್ರೆ ಮೊರದ ತುಂಬ ನೀಲಿ ಕೆಂಪು ಉಂಡೆ ಉಂಡೆ, ಕೆಲಸಕ್ಕೆ ಬರೋ ಅಕ್ಕ "ಇದೇನ್ರವ್ವ, ಬೆಕ್ಕು ಸಾಕಿದೀರಾ" ಅಂತ ಕೇಳಿದ್ರು. ಟಫ್ಟೆಡ್ ಉಣ್ಣೆ ಅಂದ್ರೆ ಇದು ಇದ್ದಿದ್ದೇ, ತಿಂಗಳು ಕಳೀತಾ ಕಮ್ಮಿ ಆಗುತ್ತೆ, ಆಗಿದೆ. ಇನ್ನೊಂದು ಹೇಳ್ದೇ ಇದ್ದಿದ್ದು ಕೆಳಗೆ ಹಾಕೋ ರಬ್ಬರ್ ಜಾಲರಿ ಮ್ಯಾಟು. ಟೈಲ್ಸ್ ಮೇಲೆ ಅದಿಲ್ದೆ ಹಾಸಿದ್ರೆ ಜಾರುತ್ತೆ, ವಯಸ್ಸಾದವ್ರು ಇರೋ ಮನೇಲಿ ಇದು ಸಣ್ಣ ವಿಷ್ಯ ಅಲ್ಲ. ಫೋನ್ ಮಾಡಿ ಜಗಳ ಆಡಿದ ಮೇಲೆ ಕಳಿಸಿದ್ರು, ಅದೂ ಅಳತೇಲಿ ಒಂದಡಿ ಕಮ್ಮಿ. ಕಾರ್ಪೆಟ್ ದಪ್ಪ ಅರ್ಧ ಇಂಚು, ಮ್ಯಾಟು ಸೇರಿದ್ರೆ ಇನ್ನೂ ಜಾಸ್ತಿ, ನಮ್ಮ ಮುಂಬಾಗಿಲು ಒಳಗೆ ತೆಗೆಯೋದು, ಅಂಚಿಗೆ ತಾಗುತ್ತೆ ಅಂತ ಪೂರ್ತಿ ಕಾರ್ಪೆಟ್‌ನ ಒಂದಡಿ ಒಳಗೆ ಸರಿಸಿದೀವಿ. ತಗೊಳ್ಳೋ ಮುಂಚೆ ಬಾಗಿಲ ಕೆಳಗಿನ ಸಂದಿ ಅಳೀರಿ. ಅಳತೆಯ ಹಳೇ ನ್ಯೂಸ್‌ಪೇಪರ್ ಅಂಟಿಸಿ ನೆಲದ ಮೇಲೆ ಎರಡು ದಿನ ಹಾಸಿ ಓಡಾಡಿದ್ರೆ ಸೈಜೂ ಗೊತ್ತಾಗುತ್ತೆ.

ಇಷ್ಟು ದುಡ್ಡು ಬೇಡ, ಮಳೆಗಾಲದ ರಗಳೆ ಬೇಡ, ಆದ್ರೆ ಗಾಢದ್ದೇ ಬೇಕು ಅನ್ನೋರಿಗೆ ನನ್ನ ಸಲಹೆ ನವಲಗುಂದದ ಜಮಖಾನ. ಧಾರವಾಡ ಜಿಲ್ಲೆದು, ಹೆಂಗಸರೇ ನೇಯೋದು, ಜಿಐ ಟ್ಯಾಗೂ ಇದೆ. ಹತ್ತಿದು, ಗುಂಜು ಇಲ್ಲ, ಮಧ್ಯೆ ಪಗಡೆ ಹಾಸು, ಸುತ್ತ ನವಿಲು, ಕೆಂಪು ಹಳದಿ ಹಸಿರು ನಮ್ಮ ಕಾರ್ಪೆಟ್‌ಗಿಂತ ಜೋರು. ತೆಳ್ಳಗಿರೋದ್ರಿಂದ ಬಾಗಿಲಿಗೆ ಅಡ್ಡ ಬರಲ್ಲ, ತಂತಿ ಮೇಲೆ ಹಾಕಿ ಒಣಗಿಸ್ಬಹುದು, ಮೇಲೆ ಕೂತು ಊಟನೂ ಮಾಡ್ಬಹುದು. ಕಾಲಿಗೆ ಮೆತ್ತಗಿರಲ್ಲ, ಚಳೀಲಿ ಅಷ್ಟು ಬೆಚ್ಚಗೂ ಇರಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಮಲಗೋ ರೂಮಿಗೆ ಮುಂದೆ ಅದನ್ನೇ ತರೋದು ಅಂತ ಇದೀನಿ, ಅಲ್ಲಿ ವಾಲ್‌ಪೇಪರ್ ಇಲ್ಲ.

ಆ ಅಂಗಡಿಗೆ ಹೋಗೋರು ಹಗಲು ಹೊತ್ತು ಹೋಗಿ, ಬಾಗಿಲ ಹತ್ರ ಬೆಳಕಿಗೆ ಬಿಡಿಸಿ ನೋಡಿ, ಮ್ಯಾಟು ಅದೇ ರೇಟಲ್ಲಿ ಸೇರಿಸ್ಕೊಳ್ಳಿ, ಬಿಲ್ಲಲ್ಲಿ ವುಲ್, ಹ್ಯಾಂಡ್ ಟಫ್ಟೆಡ್ ಅಂತ ಬರೆಸ್ಕೊಳ್ಳಿ, ನಮಗೆ ಮೊದ್ಲು ಬರೀ "ಕಾರ್ಪೆಟ್ 1" ಅಂತ ಬರೆದುಕೊಟ್ಟಿದ್ರು. ಎಕ್ಸ್‌ಚೇಂಜ್ ಇದೆ ಅಂತಾರೆ, ಆದ್ರೆ ಒಂದು ಸಲ ಬಿಡಿಸಿದ್ರೆ ತಗೊಳ್ಳಲ್ಲ ಅಂತ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿದೆ, ಬಿಡಿಸದೇ ಹೇಗ್ರೀ ನೋಡೋದು.